ಗ್ರಾಫಿಕ್ ಕಾದಂಬರಿ ತನ್ನ ನಾಯಕನನ್ನು ಕಟ್ಟುವ ಬಗೆ: ಪುಟ ಓದುವವರಿಗೊಂದು ಸಮಗ್ರ ಮಾರ್ಗದರ್ಶಿ

ಗ್ರಾಫಿಕ್ ಕಾದಂಬರಿಯೊಂದರ, ಅಂದರೆ ಸಾಲುಚಿತ್ರಗಳಲ್ಲಿ ಹೇಳಿದ ಚಿತ್ರಕಥೆಯೊಂದರ, ನಾಯಕ ಯಾರೆಂದು ಕೇಳಿದರೆ ಬಹುತೇಕ ಓದುಗರು ಪಾತ್ರದ ಗುಣಗಳನ್ನು ಹೇಳತೊಡಗುತ್ತಾರೆ: ಎದೆಗಾರ, ನ್ಯಾಯನಿಷ್ಠ, ನೊಂದವರ ಪರ ನಿಲ್ಲುವವನು. ಅದೇ ಗುಣಗಳು ಅದೇ ಪುಸ್ತಕದ ಇನ್ನಿಬ್ಬರು ಮೂವರಲ್ಲಿಯೂ ಇರುತ್ತವೆ. ಆದರೂ ಅವರನ್ನು ನಾವು ನಾಯಕರೆಂದು ಎಣಿಸುವುದಿಲ್ಲ. ಚಿತ್ರಕಥೆಯಲ್ಲಿ ನಾಯಕತ್ವ ಹುಟ್ಟುವುದು ಪುಟದ ಮೇಲಿನ ಹಂಚಿಕೆಯಿಂದ. ಯಾರ ಮೈಗೆ ಎಷ್ಟು ಜಾಗ, ಯಾರ ಮುಖಕ್ಕೆ ಎಷ್ಟು ಗೆರೆ, ಯಾರ ಮನಸ್ಸಿನ ಮಾತಿಗೆ ಪೆಟ್ಟಿಗೆ, ಯಾರ ಮೌನಕ್ಕೆ ಇಡೀ ಪುಟ ಎಂಬ ತೀರ್ಮಾನಗಳನ್ನು ಬರಹಗಾರರೂ ಚಿತ್ರಕಾರರೂ ಪ್ರತಿ ಪುಟದಲ್ಲಿ ತೆಗೆದುಕೊಂಡಿರುತ್ತಾರೆ, ಓದುಗರು ಅವನ್ನು ಗಮನಿಸದೆಯೇ ಒಪ್ಪಿಕೊಂಡಿರುತ್ತಾರೆ. ಆ ತೀರ್ಮಾನಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ವಿಮರ್ಶೆ ಅಥವಾ ಸಂಶೋಧನಾ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೂ, ಸ್ವತಃ ಚಿತ್ರಕಥೆ ಮಾಡಲು ಹೊರಟವರಿಗೂ ಇದು ಉಪಯೋಗಕ್ಕೆ ಬರಬಹುದು.

ಉದಾಹರಣೆಗಳಿಗಾಗಿ ಕೆಲವೇ ಕೃತಿಗಳನ್ನು ಆರಿಸಿಕೊಂಡಿದ್ದೇನೆ. ಅವುಗಳಲ್ಲಿ ಮುಖ್ಯವಾದದ್ದು ಅಂಬೇಡ್ಕರ್ ಅವರ ಬದುಕನ್ನು ಆಧರಿಸಿದ, 2011ರಲ್ಲಿ ನವಯಾನ ಪ್ರಕಾಶನ ಹೊರತಂದ ‘ಭೀಮಾಯಣ’. ಮಧ್ಯಪ್ರದೇಶದ ಪರಧಾನ್ ಗೊಂಡ ಆದಿವಾಸಿ ಪರಂಪರೆಯ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಇದರ ಚಿತ್ರಕಾರರು. ಕಥನ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಇದರ ಜೊತೆಗೆ ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’ (1986–87), ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’, ಮರ್ಜಾನ್ ಸತ್ರಾಪಿಯವರ ‘ಪರ್ಸೆಪೊಲಿಸ್’ ಮತ್ತು ಜಾನ್ ಲೂಯಿಸ್ ಅವರ ಬದುಕಿನ ‘ಮಾರ್ಚ್’ ಆಗಾಗ ಬಂದುಹೋಗುತ್ತವೆ. ವಾಚ್‌ಮೆನ್ ಓದಿಲ್ಲದವರಿಗೆ ಒಂದು ಎಚ್ಚರಿಕೆ: ಅದರ ಎರಡು ಗುಟ್ಟುಗಳನ್ನು ಬಿಟ್ಟುಕೊಡದೆ ಮುಂದಿನ ಮಾತು ಹೇಳಲಾಗದು.

ಹೆಜ್ಜೆ 1: ಪುಸ್ತಕವನ್ನು ಮೂರು ಬಾರಿ, ಮೂರು ಬಗೆಯಲ್ಲಿ ಓದಿ

ಮೊದಲ ಓದು ಕಥೆಗಾಗಿ. ಅಲ್ಲಿ ಏನನ್ನೂ ಗುರುತು ಹಾಕಿಕೊಳ್ಳಬೇಡಿ. ಎರಡನೆಯ ಬಾರಿ ಮಾತುಗಳನ್ನು ಓದದೆ ಚಿತ್ರಗಳನ್ನಷ್ಟೇ ನೋಡುತ್ತಾ ಹೋಗಿ. ಇದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಕಣ್ಣು ಅಕ್ಷರ ಕಂಡಲ್ಲಿಗೆ ತಾನಾಗಿ ಓಡುತ್ತದೆ. ಅಕ್ಷರ ಬಾರದ ಮಗುವೊಂದು ಈ ಪುಸ್ತಕ ತೆರೆದರೆ ಯಾರನ್ನು ಮುಖ್ಯವೆಂದು ಭಾವಿಸುತ್ತದೆ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನೋಟ ಹಿಡಿತಕ್ಕೆ ಬರುತ್ತದೆ. ಮೂರನೆಯ ಬಾರಿ ಪೆನ್ಸಿಲ್ಲು ಹಿಡಿದು ಓದಿ. ಪ್ರತಿ ಪುಟಕ್ಕೂ ಎಷ್ಟು ಚೌಕಟ್ಟುಗಳಿವೆ (ಗೆರೆಯೊಳಗಿನ ಒಂದೊಂದು ಬಿಡಿಚಿತ್ರವೂ ಒಂದು ಚೌಕಟ್ಟು), ನಾಯಕ ಎಷ್ಟರಲ್ಲಿ ಕಾಣಿಸುತ್ತಾನೆ, ಪುಟದ ಕೊನೆಯ ಚೌಕಟ್ಟು ಯಾರದು, ನಿರೂಪಣೆಯ ದನಿ ಯಾರದು ಎಂಬ ನಾಲ್ಕು ಅಂಶಗಳನ್ನು ಬರೆದುಕೊಂಡರೆ ಸಾಕು. ಪುಟದ ಕೊನೆಯ ಚೌಕಟ್ಟನ್ನು ಲೆಕ್ಕಕ್ಕೆ ಹಿಡಿಯುವುದಕ್ಕೆ ಕಾರಣವಿದೆ: ಹಾಳೆ ಮಗುಚುವಾಗ ಓದುಗರ ಮನಸ್ಸಿನಲ್ಲಿ ಉಳಿಯುವುದು ಅದೇ ಚಿತ್ರ, ಹಾಗಾಗಿ ಅನುಭವಿ ಚಿತ್ರಕಾರರು ಆ ಜಾಗವನ್ನು ಸುಮ್ಮನೆ ಯಾರಿಗೂ ಕೊಡುವುದಿಲ್ಲ.

ಹೆಜ್ಜೆ 2: ಮೊದಲ ದರ್ಶನವನ್ನು ಹಿಡಿದು ನಿಲ್ಲಿಸಿ

ನಾಯಕ ಮೊದಲ ಸಲ ಕಾಣಿಸುವ ಚೌಕಟ್ಟಿಗೆ ಹೋಗಿ, ಅಲ್ಲಿ ಸಾಕಷ್ಟು ಹೊತ್ತು ಕಳೆಯಿರಿ. ನಮ್ಮ ಯಕ್ಷಗಾನದಲ್ಲಿ ಒಡ್ಡೋಲಗ ನೋಡಿದವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ: ತೆರೆಯ ಮರೆಯಿಂದ ಪಾತ್ರ ಹೊರಬರುವ ಕ್ರಮದಲ್ಲಿಯೇ ಅದರ ಅಂತಸ್ತು ಗೊತ್ತಾಗಿಬಿಡುತ್ತದೆ.

ಅಬ್ಬರದ ಪ್ರವೇಶಕ್ಕೆ ಮಾದರಿಯೆಂದರೆ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ರೂಪಿಸಿದ ಸೂಪರ್‌ಮ್ಯಾನ್. ಜೂನ್ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಮುಖಪುಟದಲ್ಲಿ ಅವನು ಹಸಿರು ಕಾರೊಂದನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ಮುಂದೆ ಒಬ್ಬ ಮನುಷ್ಯ ತಲೆ ಹಿಡಿದುಕೊಂಡು ಓಡುತ್ತಿದ್ದಾನೆ. ಸೂಪರ್‌ಮ್ಯಾನ್‌ನ ಶಕ್ತಿಯನ್ನು ಕಾರು ಹೇಳುತ್ತದೆ, ಆದರೆ ಆ ಶಕ್ತಿಗೆ ನಾವು ಯಾವ ಭಾವದಿಂದ ಪ್ರತಿಕ್ರಿಯಿಸಬೇಕೆಂದು ಹೇಳುವುದು ಓಡುತ್ತಿರುವವನ ಮುಖ. ಸ್ವಾರಸ್ಯವೆಂದರೆ, ಸಂಚಿಕೆ ತೆರೆದು ನೋಡದವರಿಗೆ ಇವನು ನಾಯಕನೋ ಖಳನೋ ಎಂಬುದು ಈ ಮುಖಪುಟದಿಂದ ಖಚಿತವಾಗುವುದಿಲ್ಲ. ಹೊಸ ಬಗೆಯ ನಾಯಕನೊಬ್ಬನನ್ನು ಓದುವ ಕ್ರಮ ಇನ್ನೂ ರೂಢಿಗೆ ಬಂದಿರದ ಕಾಲ ಅದು.

ವಾಚ್‌ಮೆನ್‌ನ ಮೊದಲ ಪುಟ ಇದಕ್ಕೆ ತದ್ವಿರುದ್ಧ. ಆರು ಸಣ್ಣ ಚೌಕಟ್ಟುಗಳು, ಕೆಳಗೆ ಒಂದು ಅಗಲವಾದ ಚೌಕಟ್ಟು. ಚರಂಡಿಯ ಬದಿಯ ರಕ್ತದಲ್ಲಿ ಬಿದ್ದಿರುವ ನಗುಮುಖದ ಬ್ಯಾಡ್ಜಿನಿಂದ ಶುರುವಾಗುವ ನೋಟ ಚೌಕಟ್ಟಿನಿಂದ ಚೌಕಟ್ಟಿಗೆ ಮೇಲೇರುತ್ತಾ ಎತ್ತರದ ಮಹಡಿಯ ಒಡೆದ ಕಿಟಕಿಯವರೆಗೆ ಹೋಗುತ್ತದೆ. ಉದ್ದಕ್ಕೂ ರೋರ್‌ಶಾಕ್ ಎಂಬ ಮುಖವಾಡದ ವೀರನ ದಿನಚರಿಯ ಸಾಲುಗಳು ಹರಿದ ಕಾಗದದಂತಹ ಪೆಟ್ಟಿಗೆಗಳಲ್ಲಿ ಬರುತ್ತವೆ. ಅದೇ ಪುಟದಲ್ಲಿ, ಲೋಕದ ಅಂತ್ಯ ಹತ್ತಿರವಾಯಿತೆಂದು ಸಾರುವ ಫಲಕ ಹೊತ್ತ ಒಬ್ಬ ದಾರಿಹೋಕ ಆ ರಕ್ತವನ್ನು ತುಳಿದುಕೊಂಡು ಹಾದುಹೋಗುತ್ತಾನೆ. ಅವನೇ ಮುಖವಾಡವಿಲ್ಲದ ರೋರ್‌ಶಾಕ್ ಎಂಬುದು ನಮಗೆ ತಿಳಿಯುವುದು ಐದನೆಯ ಅಧ್ಯಾಯದಲ್ಲಿ. ದನಿಯೂ ದೇಹವೂ ಒಂದೇ ಪುಟದಲ್ಲಿದ್ದು, ಎರಡನ್ನೂ ಜೋಡಿಸುವ ಕೊಂಡಿಯನ್ನು ಮಾತ್ರ ಮುಚ್ಚಿಡಲಾಗಿದೆ. ಮುಖವಾಡ ಧರಿಸಿದವನನ್ನು ಮಾತ್ರ ನಾಯಕನೆಂದು ಹುಡುಕುವ ಓದುಗರ ಅಭ್ಯಾಸವನ್ನೇ ಈ ಪುಟ ಬಳಸಿಕೊಂಡಿದೆ.

ಪರ್ಸೆಪೊಲಿಸ್‌ನ ಆರಂಭ ಮತ್ತೂ ಸಣ್ಣದು, ಮತ್ತೂ ಚುರುಕಾದದ್ದು. ಮೊದಲ ಚೌಕಟ್ಟಿನಲ್ಲಿ 1980ರ ಇರಾನಿನ ಹತ್ತು ವರ್ಷದ ಹುಡುಗಿ ತಲೆವಸ್ತ್ರ ಹೊದ್ದು ಕುಳಿತಿದ್ದಾಳೆ. ಎರಡನೆಯದು ತರಗತಿಯ ಗುಂಪುಚಿತ್ರ. ಅದರಲ್ಲಿ ತಾನು ಎಡತುದಿಯಲ್ಲಿ ಕುಳಿತಿರುವುದರಿಂದ ಕಾಣಿಸುವುದಿಲ್ಲವೆಂದು ಅವಳೇ ಹೇಳುತ್ತಾಳೆ. ಚೌಕಟ್ಟಿನ ಅಂಚು ಕಥಾನಾಯಕಿಯನ್ನು ಕತ್ತರಿಸಿಹಾಕಿದೆ. ತಲೆವಸ್ತ್ರ ಎಲ್ಲ ಹುಡುಗಿಯರನ್ನೂ ಒಂದೇ ಅಚ್ಚಿನಲ್ಲಿ ಕೂರಿಸಿದೆ. ತನ್ನನ್ನು ಕಾಣದಂತೆ ಮಾಡುವ ವ್ಯವಸ್ಥೆಯೊಳಗಿಂದ ಒಬ್ಬಳು ತನ್ನ ಕಥೆಯನ್ನು ತಾನೇ ಹೇಳಲು ಹೊರಟಿದ್ದಾಳೆ ಎಂಬುದು ಎರಡೇ ಚೌಕಟ್ಟುಗಳಲ್ಲಿ ಸ್ಥಾಪಿತವಾಗುತ್ತದೆ.

ನೀವು ಆರಿಸಿಕೊಂಡ ಕೃತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು: ನಾಯಕ ಪೂರ್ತಿ ಕಾಣುತ್ತಾನೆಯೇ, ತುಂಡಾಗಿ ಕಾಣುತ್ತಾನೆಯೇ? ಮೊದಲು ಬರುವುದು ಅವನ ದೇಹವೋ, ದನಿಯೋ, ಅವನ ಬಗ್ಗೆ ಬೇರೆಯವರಾಡುವ ಮಾತೋ? ಅವನನ್ನು ನೋಡುತ್ತಿರುವ ಇನ್ನೊಬ್ಬರು ಚೌಕಟ್ಟಿನೊಳಗೆ ಇದ್ದಾರೆಯೇ?

ಹೆಜ್ಜೆ 3: ಮುಖದ ಗೆರೆಗಳನ್ನು ಎಣಿಸಿ

ಚಿತ್ರಕಥೆಗಳ ಸಿದ್ಧಾಂತಕಾರ ಸ್ಕಾಟ್ ಮೆಕ್‌ಲೌಡ್ 1993ರಲ್ಲಿ ಮುಂದಿಟ್ಟ ಒಂದು ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಮುಖವನ್ನು ಎಷ್ಟು ಸರಳವಾಗಿ ಬರೆದರೆ ಅಷ್ಟು ಹೆಚ್ಚು ಜನ ಅದರಲ್ಲಿ ತಮ್ಮನ್ನು ಕಂಡುಕೊಳ್ಳುತ್ತಾರೆ. ವಿವರಗಳನ್ನು ತುಂಬಿದಷ್ಟೂ ಅದು ಇನ್ನೊಬ್ಬರ ಮುಖವಾಗುತ್ತಾ ಹೋಗುತ್ತದೆ. 1929ರಲ್ಲಿ ಹರ್ಜೆ ಆರಂಭಿಸಿದ ಟಿನ್‌ಟಿನ್ ಚಿತ್ರಕಥೆಗಳಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಟಿನ್‌ಟಿನ್‌ನ ಮುಖವೆಂದರೆ ಎರಡು ಚುಕ್ಕಿ, ಒಂದು ಸಣ್ಣ ಗೆರೆ. ಅವನ ಹಿಂದಿನ ಹಡಗು, ಕಟ್ಟಡ, ಬೀದಿಗಳು ಮಾತ್ರ ಅತ್ಯಂತ ವಿವರವಾಗಿರುತ್ತವೆ. ಓದುಗರು ಆ ಖಾಲಿ ಮುಖವನ್ನು ತೊಟ್ಟುಕೊಂಡು ಆ ಲೋಕದಲ್ಲಿ ಅಡ್ಡಾಡುತ್ತಾರೆ.

ಈ ಸೂತ್ರವನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಮಾತ್ರ ದಾರಿ ತಪ್ಪುತ್ತದೆ. ಮೌಸ್‌ನಲ್ಲಿ ಯಹೂದಿಗಳೆಲ್ಲ ಇಲಿಗಳು, ಜರ್ಮನರು ಬೆಕ್ಕುಗಳು, ಪೋಲೆಂಡಿನವರು ಹಂದಿಗಳು. ಇಲಿಗಳ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ. ಇಲ್ಲಿನ ಸರಳತೆಯ ಕೆಲಸವೇ ಬೇರೆ: ನಾತ್ಸಿ ಆಡಳಿತ ಮನುಷ್ಯರನ್ನು ಒಂದೇ ಜಾತಿಯ ಹುಳುಹುಪ್ಪಟೆಗಳಂತೆ ಕಂಡ ಕ್ರಮವನ್ನು ಅದು ಓದುಗರ ಕಣ್ಣಿಗೇ ಹೇರುತ್ತದೆ. ಹಾಗಾದರೆ ಕಥೆಯ ಮುಖ್ಯ ವ್ಯಕ್ತಿ, ಲೇಖಕರ ತಂದೆ ವ್ಲಾಡೆಕ್‌ನನ್ನು ಗುರುತಿಸುವುದು ಹೇಗೆ? ಬಟ್ಟೆ, ಕನ್ನಡಕ, ಮೈಯ ಭಂಗಿ, ಮುರಿದ ಇಂಗ್ಲಿಷಿನ ಮಾತಿನ ಲಯ ಇವುಗಳಿಂದ. ಅವನು ಪೋಲೆಂಡಿನವನಂತೆ ನಟಿಸಿ ಓಡಾಡುವಾಗ ಹಂದಿಯ ಮುಖವಾಡ ಕಟ್ಟಿಕೊಳ್ಳುತ್ತಾನೆ, ಅದರ ದಾರವೂ ಚಿತ್ರದಲ್ಲಿ ಕಾಣುತ್ತದೆ.

ನಮ್ಮ ಓದುಗರಿಗೆ ಹತ್ತಿರದ ಉದಾಹರಣೆ ಅಮರ ಚಿತ್ರಕಥೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರಿಂದ ಬಂದ ಈ ಸಂಚಿಕೆಗಳನ್ನು ಓದಿ ಬೆಳೆದ ತಲೆಮಾರಿಗೆ ಪುರಾಣಪುರುಷರ ಮುಖ ಎಂದರೆ ಇಂದಿಗೂ ಅವೇ ಮುಖಗಳು. ರವಿವರ್ಮನ ಚಿತ್ರಗಳಿಂದಲೂ ಕ್ಯಾಲೆಂಡರ್ ಚಿತ್ರಗಳಿಂದಲೂ ಬಂದ ಅಂಗಸೌಷ್ಠವ, ತಿದ್ದಿದ ಹುಬ್ಬು, ತಿಳಿ ಮೈಬಣ್ಣ ನಾಯಕನಿಗೆ. ದಪ್ಪ ಮೀಸೆ, ಕಪ್ಪು ಮೈ, ಉಬ್ಬಿದ ಕಣ್ಣು ರಾಕ್ಷಸನಿಗೆ. ಸಂಶೋಧಕರು ಈ ಬಣ್ಣಭೇದವನ್ನು ಸಾಕಷ್ಟು ಟೀಕಿಸಿದ್ದಾರೆ, ಆ ಟೀಕೆ ನ್ಯಾಯವಾದದ್ದೇ. ಓದುವ ಕ್ರಮದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಒಂದು ಮಾತೂ ಆಡುವ ಮೊದಲೇ ಪಾತ್ರದ ನೈತಿಕತೆ ಮುಖದ ಮೇಲೆ ತೀರ್ಮಾನವಾಗಿರುತ್ತದೆ, ಹಾಗಾಗಿ ಕಥೆ ಅದನ್ನು ಸಾಬೀತು ಮಾಡುವ ಹೊಣೆಯಿಂದ ಪಾರಾಗುತ್ತದೆ.

ಹೆಜ್ಜೆ 4: ನೋಟದ ಕೋನ ಮತ್ತು ಗಾತ್ರ

ಇದನ್ನು ಎಲ್ಲ ಕೈಪಿಡಿಗಳೂ ವಿವರಿಸುವುದರಿಂದ ಚುಟುಕಾಗಿ ಹೇಳುತ್ತೇನೆ. ಕೆಳಗಿನಿಂದ ಮೇಲೆ ನೋಡುವ ಕೋನ ವ್ಯಕ್ತಿಯನ್ನು ಎತ್ತರಿಸುತ್ತದೆ, ಮೇಲಿನಿಂದ ನೋಡುವುದು ಕುಗ್ಗಿಸುತ್ತದೆ. ಚೌಕಟ್ಟಿನ ಗೆರೆಯನ್ನು ದಾಟಿ ಹೊರಚಾಚುವ ಮುಷ್ಟಿ ಕಥೆಯ ಲೋಕವೇ ತನ್ನನ್ನು ತಡೆಯಲಾರದೆಂದು ಸಾರುತ್ತದೆ. ಕೋನವನ್ನು ಗುರುತಿಸಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ಇದು ಯಾರ ಕಣ್ಣಿನ ಎತ್ತರ? ಮಗುವಿನದೋ, ಬಿದ್ದ ಶತ್ರುವಿನದೋ, ಯಾರದ್ದೂ ಅಲ್ಲವೋ?

ಎಲ್ಲ ಚಿತ್ರಪರಂಪರೆಗಳಿಗೂ ಈ ಸಾಧನ ಲಭ್ಯವಿಲ್ಲ ಎಂಬುದನ್ನೂ ನೆನಪಿಡಬೇಕು. ಗೊಂಡ ಚಿತ್ರಗಳಲ್ಲಿ ಪಾಶ್ಚಾತ್ಯ ಮಾದರಿಯ ದೂರ–ಸಮೀಪದ ಲೆಕ್ಕವಿಲ್ಲ. ಮನುಷ್ಯರು ಬಹುಪಾಲು ಪಾರ್ಶ್ವಮುಖದಲ್ಲಿ, ದೊಡ್ಡ ಕಣ್ಣಿನೊಂದಿಗೆ ಬರುತ್ತಾರೆ. ಭೀಮಾಯಣದ ಅಂಬೇಡ್ಕರ್ ಅವರನ್ನು ಕೆಳಕೋನದಿಂದ ಗೋಪುರದಂತೆ ತೋರಿಸಲು ಆ ಶೈಲಿ ಅವಕಾಶವನ್ನೇ ಕೊಡುವುದಿಲ್ಲ. ಆದ್ದರಿಂದ ಅವರ ಹಿರಿಮೆಯನ್ನು ಬೇರೆ ದಾರಿಗಳಿಂದ ಕಟ್ಟಬೇಕಾಗುತ್ತದೆ, ಆ ದಾರಿಗಳು ಮುಂದಿನ ಹೆಜ್ಜೆಗಳಲ್ಲಿ ತೆರೆದುಕೊಳ್ಳುತ್ತವೆ.

ಹೆಜ್ಜೆ 5: ಚೌಕಟ್ಟುಗಳನ್ನೂ ಅವುಗಳ ನಡುವಿನ ಸಂದನ್ನೂ ಓದಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ಚಿತ್ರಕಥೆಯಲ್ಲಿ ನಿಜವಾದ ಘಟನೆ ನಡೆಯುವುದು ಎರಡು ಚೌಕಟ್ಟುಗಳ ನಡುವಿನ ಬಿಳಿ ಸಂದಿನಲ್ಲಿ. ಒಂದರಲ್ಲಿ ಎತ್ತಿದ ಕತ್ತಿ, ಇನ್ನೊಂದರಲ್ಲಿ ಬಿದ್ದ ದೇಹ ಇದ್ದರೆ ಹೊಡೆತವನ್ನು ಪೂರ್ತಿಗೊಳಿಸುವವರು ಓದುಗರೇ.

ಕರ್ನಾಟಕದ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ಈ ಕಣ್ಣಿನಿಂದ ನೋಡಿದರೆ ನಾಯಕನನ್ನು ಚೌಕಟ್ಟುಗಳಲ್ಲಿ ಕಟ್ಟುವ ಕಲೆ ಇಲ್ಲಿ ಬಹಳ ಹಳೆಯದೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ತುರುಗಾಳಗವೋ ಊರಿನ ರಕ್ಷಣೆಯ ಹೋರಾಟವೋ. ಅಲ್ಲಿ ವೀರ ಎದುರಾಳಿಗಳಿಗಿಂತ ದೊಡ್ಡ ಗಾತ್ರದಲ್ಲಿರುವುದೂ ಉಂಟು. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುತ್ತಿದ್ದಾರೆ. ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರರು. ಬಹಳಷ್ಟು ಕಲ್ಲುಗಳಲ್ಲಿ ಸಾವನ್ನು ಬಿಡಿಸಿ ತೋರಿಸಿರುವುದಿಲ್ಲ. ಅದು ಮೊದಲನೆಯ ಮತ್ತು ಎರಡನೆಯ ಪಟ್ಟಿಕೆಗಳ ನಡುವೆ ನಡೆದುಹೋಗುತ್ತದೆ. ಎಷ್ಟೋ ಕಲ್ಲುಗಳಲ್ಲಿ ಶಾಸನದ ಸಾಲುಗಳನ್ನು ಕೆತ್ತಿರುವುದೂ ಪಟ್ಟಿಕೆಗಳ ನಡುವಿನ ಆ ಅಡ್ಡಪಟ್ಟಿಯ ಮೇಲೆಯೇ. ಓದುವ ದಿಕ್ಕು ಮೇಲ್ಮುಖವಾಗಿರುವುದರಿಂದ ಕಣ್ಣಿನ ಚಲನೆಯೇ ವೀರನ ಏರಿಕೆಯಾಗುತ್ತದೆ. ಯಾವುದೇ ಆಧುನಿಕ ಪುಟವನ್ನು ಓದುವಾಗಲೂ ಇದೇ ಪ್ರಶ್ನೆ ಕೇಳಿ: ಕಣ್ಣು ಸಾಗುವ ದಿಕ್ಕಿಗೂ ನಾಯಕನ ಏರಿಳಿತಕ್ಕೂ ಸಂಬಂಧವಿದೆಯೇ? ವಾಚ್‌ಮೆನ್‌ನ ಮೊದಲ ಪುಟದಲ್ಲಿ ನೋಟ ಮೇಲೇರುತ್ತದೆ, ಆದರೆ ಕಣ್ಣು ಮಾತ್ರ ಪುಟದ ಕೆಳಕ್ಕೆ ಇಳಿಯುತ್ತಿರುತ್ತದೆ. ಆ ಎಳೆದಾಟದಿಂದಲೇ ಓದುಗರಿಗೆ ತಲೆ ಸುತ್ತಿದ ಅನುಭವವಾಗುತ್ತದೆ.

ವಾಚ್‌ಮೆನ್ ಬಹುಮಟ್ಟಿಗೆ ಪುಟಕ್ಕೆ ಒಂಬತ್ತು ಸಮಾನ ಚೌಕಟ್ಟುಗಳ ಜಾಲವನ್ನು ಅನುಸರಿಸುತ್ತದೆ. ಹೀಗೆ ಎಲ್ಲರಿಗೂ ಸಮನಾದ ಜಾಗ ಕೊಟ್ಟರೆ ಯಾರೂ ತಾನಾಗಿ ದೊಡ್ಡವರಾಗುವುದಿಲ್ಲ. ಜಾಲ ಮುರಿದ ಕಡೆಯಲ್ಲೆಲ್ಲ ಅರ್ಥ ಹುಟ್ಟುತ್ತದೆ. ಐದನೆಯ ಅಧ್ಯಾಯವನ್ನು ಕನ್ನಡಿಯ ಬಿಂಬದಂತೆ ರಚಿಸಲಾಗಿದೆ: ಮೊದಲ ಪುಟದ ವಿನ್ಯಾಸಕ್ಕೆ ಕೊನೆಯ ಪುಟ, ಎರಡನೆಯದಕ್ಕೆ ಅದರ ಹಿಂದಿನದು ಹೊಂದುತ್ತಾ ಬಂದು, ನಟ್ಟನಡುವಿನ ಜೋಡಿಪುಟದಲ್ಲಿ ಕಥೆಯ ಇನ್ನೊಬ್ಬ ವೀರ ಓಜಿಮ್ಯಾಂಡಿಯಸ್ ತನ್ನನ್ನು ಕೊಲ್ಲಲು ಬಂದವನನ್ನು ಹೊಡೆದುರುಳಿಸುತ್ತಾನೆ. ಕಥೆಯ ಪ್ರಕಾರ ಆಗ ಅವನು ದಾಳಿಗೆ ಒಳಗಾದವನು. ಇಡೀ ಸಂಚಿನ ಸೂತ್ರಧಾರ ಅವನೇ ಎಂಬುದು ಬಹಳ ತಡವಾಗಿ ತಿಳಿಯುತ್ತದೆ, ಆದರೆ ಎಲ್ಲ ಚೌಕಟ್ಟುಗಳೂ ಯಾರ ಸುತ್ತ ಜೋಡಣೆಯಾಗಿವೆ ಎಂಬುದನ್ನು ಪುಟದ ವಿನ್ಯಾಸ ಆಗಲೇ ಹೇಳಿಬಿಟ್ಟಿರುತ್ತದೆ.

ಭೀಮಾಯಣದ ಚಿತ್ರಕಾರರು ಚೌಕಟ್ಟನ್ನೇ ನಿರಾಕರಿಸಿದರು. ಪಾತ್ರಗಳನ್ನು ಪೆಟ್ಟಿಗೆಗಳಲ್ಲಿ ಕೂಡಿಹಾಕಲು ತಮಗೆ ಮನಸ್ಸಿಲ್ಲ, ತಮ್ಮ ಕಲೆ ಬಯಲಿನದು ಎಂಬುದು ಅವರ ನಿಲುವು. ಚೌಕಟ್ಟಿನ ಬದಲು ಗೊಂಡ ಮನೆಗಳ ಗೋಡೆ ಮತ್ತು ನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸ ಪುಟದುದ್ದಕ್ಕೂ ಹರಿದು ಘಟನೆಗಳನ್ನು ಸಡಿಲವಾಗಿ ವಿಂಗಡಿಸುತ್ತದೆ. ಮುಟ್ಟಬಾರದು, ಇಲ್ಲಿಂದ ಆಚೆ ಬರಬಾರದು ಎಂದು ಗೆರೆ ಕೊರೆಯುವ ವ್ಯವಸ್ಥೆಯ ವಿರುದ್ಧ ಬದುಕಿದ ವ್ಯಕ್ತಿಯ ಕಥೆಯಲ್ಲಿ ಗೆರೆಯ ಪೆಟ್ಟಿಗೆಗಳೇ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ಈ ಪುಸ್ತಕದ ಅತ್ಯಂತ ದೊಡ್ಡ ರಾಜಕೀಯ ಹೇಳಿಕೆ. ಅಮರ ಚಿತ್ರಕಥೆಯೂ ಅಂಬೇಡ್ಕರ್ ಅವರ ಜೀವನವನ್ನು ಸಂಚಿಕೆಯಾಗಿ ತಂದಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಒಂದು ಪುಟವನ್ನಾದರೂ ಹೋಲಿಸಿ ನೋಡಿ, ಒಬ್ಬನೇ ವ್ಯಕ್ತಿಯಿಂದ ಇಬ್ಬರು ನಾಯಕರು ಹೇಗೆ ಹುಟ್ಟುತ್ತಾರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು.

ಹೆಜ್ಜೆ 6: ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ನೋಡಿ

ಯಾವ ಬಣ್ಣಕ್ಕೆ ಯಾವ ಅರ್ಥ ಎಂಬ ನಿಘಂಟು ಮಾಡಹೊರಡಬೇಡಿ. ಕೆಂಪು ಒಂದು ಪುಸ್ತಕದಲ್ಲಿ ಕೋಪ, ಇನ್ನೊಂದರಲ್ಲಿ ಮದುವೆ. ಬಣ್ಣ ಬದಲಾಗುವ ಜಾಗಗಳನ್ನಷ್ಟೇ ಗುರುತಿಸಿ. ಸೂಪರ್‌ಮ್ಯಾನ್‌ನ ಉಡುಪಿನ ಕೆಂಪು, ನೀಲಿ, ಹಳದಿ ಅಂದಿನ ಅಗ್ಗದ ಕಾಗದದ ಮೇಲೂ ಎದ್ದು ಕಾಣುವ ಮೂಲವರ್ಣಗಳು. ವಾಚ್‌ಮೆನ್‌ಗೆ ಬಣ್ಣ ಹಾಕಿದ ಜಾನ್ ಹಿಗಿನ್ಸ್ ಕಿತ್ತಳೆ, ನೇರಳೆ, ಹಸಿರಿನಂತಹ ಮಿಶ್ರವರ್ಣಗಳತ್ತ ವಾಲಿದರು. ಮುದ್ರಣದ ಅನುಕೂಲವೊಂದು ಅಷ್ಟುಹೊತ್ತಿಗೆ ನಾಯಕತ್ವದ ಗುರುತೇ ಆಗಿಬಿಟ್ಟಿತ್ತು, ಆದ್ದರಿಂದ ಅದನ್ನು ಕೈಬಿಟ್ಟದ್ದೂ ಒಂದು ಹೇಳಿಕೆಯಾಯಿತು.

ಹೆಜ್ಜೆ 7: ದನಿಗೆ ಆಕಾರ ಕೊಟ್ಟವರು ಯಾರೆಂದು ಗಮನಿಸಿ

ಮಾತಿನ ಗುಳ್ಳೆ ಕೂಡ ಚಿತ್ರವೇ. ರೋರ್‌ಶಾಕ್ ಮುಖವಾಡ ತೊಟ್ಟು ಮಾತಾಡುವಾಗ ಗುಳ್ಳೆಯ ಅಂಚು ಅಂಕುಡೊಂಕಾಗಿರುತ್ತದೆ, ಅತಿಮಾನುಷ ಶಕ್ತಿಯ ಡಾ. ಮ್ಯಾನ್‌ಹಟನ್‌ನ ಮಾತು ನೀಲಿ ಗುಳ್ಳೆಯೊಳಗೆ ಬರುತ್ತದೆ. ಅವರ ದನಿ ಹೇಗಿದೆಯೆಂದು ಯಾರೂ ವಿವರಿಸುವುದಿಲ್ಲ, ಆದರೂ ಓದುಗರಿಗೆ ಅದು ಕೇಳಿಸುತ್ತದೆ.

ಭೀಮಾಯಣ ಇದನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಮೃದುವಾಗಿ ಮಾತಾಡುವವರ, ನೋವುಂಡವರ ಮಾತುಗಳು ಹಕ್ಕಿಯ ಆಕಾರದ ಗುಳ್ಳೆಗಳಲ್ಲಿ ಬರುತ್ತವೆ. ಜಾತಿಯ ವಿಷ ಕಾರುವವರ ಮಾತಿನ ಗುಳ್ಳೆಗೆ ಚೇಳಿನ ಕೊಂಡಿಯಿದೆ. ಮನಸ್ಸಿನೊಳಗಿನ ಯೋಚನೆಯ ಗುಳ್ಳೆಯಲ್ಲಿ ಒಂದು ಕಣ್ಣು ಇರುತ್ತದೆ. ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಇಲ್ಲಿ ಖಳನನ್ನು ಗುರುತಿಸುವುದು ಮೈಬಣ್ಣದಿಂದಲೋ ಮೀಸೆಯಿಂದಲೋ ಅಲ್ಲ, ಅವನಾಡಿದ ಮಾತಿನಿಂದ. ಚೇಳಿನ ಕೊಂಡಿ ಅಂಟಿಕೊಂಡಿರುವುದು ಮಾತಿಗೆ, ದೇಹಕ್ಕಲ್ಲ. ಆದ್ದರಿಂದ ಯಾವ ಮನುಷ್ಯನೂ ಹುಟ್ಟಿನಿಂದ ಖಳನಾಗುವುದಿಲ್ಲ. ಹುಟ್ಟಿನಿಂದ ಮನುಷ್ಯರ ಅಂತಸ್ತನ್ನು ನಿರ್ಧರಿಸುವ ಪದ್ಧತಿಯ ಬಗ್ಗೆಯೇ ಇರುವ ಪುಸ್ತಕಕ್ಕೆ ಇದಕ್ಕಿಂತ ತಕ್ಕ ದೃಶ್ಯಭಾಷೆ ಇರಲಾರದು.

ನಿರೂಪಣೆಯ ಪೆಟ್ಟಿಗೆಗಳನ್ನು ಬೇರೆಯಾಗಿ ಪರಿಶೀಲಿಸಿ. ಅಮರ ಚಿತ್ರಕಥೆಯ ಪೆಟ್ಟಿಗೆಗಳಲ್ಲಿ ಎಲ್ಲವನ್ನೂ ಬಲ್ಲ, ಹೆಸರಿಲ್ಲದ ಹಿರಿಯರೊಬ್ಬರ ದನಿಯಿದೆ. ರೋರ್‌ಶಾಕ್‌ನ ದಿನಚರಿಯಲ್ಲಿ ನಾಯಕನೇ ತನ್ನ ಬಗ್ಗೆ ಸಾಕ್ಷ್ಯ ನುಡಿಯುತ್ತಾನೆ, ಆ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬುದು ಓದುಗರ ಪಾಲಿನ ಕೆಲಸ. ಪೆಟ್ಟಿಗೆಯ ಮಾತೂ ಅದರ ಕೆಳಗಿನ ಚಿತ್ರವೂ ಒಂದನ್ನೊಂದು ಅಲ್ಲಗಳೆಯುವ ಜಾಗ ಸಿಕ್ಕರೆ ಅಲ್ಲಿ ಗುರುತು ಹಾಕಿ. ವಿಶ್ಲೇಷಣೆಯ ತಿರುಳು ಬಹುತೇಕ ಅಲ್ಲಿಯೇ ಇರುತ್ತದೆ.

ಹೆಜ್ಜೆ 8: ಕಥೆ ಎಲ್ಲಿಂದ ಶುರುವಾಗುತ್ತದೆ, ಏನನ್ನು ಬಿಟ್ಟಿದೆ

ನಾಯಕನ ಬದುಕಿನ ಯಾವ ಗಳಿಗೆಯಿಂದ ಕಥನ ಆರಂಭವಾಗುತ್ತದೆ ಎಂಬುದು ಅವನು ಯಾವ ಬಗೆಯ ನಾಯಕ ಎಂಬುದನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಅಮೆರಿಕದ ನಾಗರಿಕ ಹಕ್ಕು ಹೋರಾಟಗಾರ ಜಾನ್ ಲೂಯಿಸ್ ಅವರ ಕಥೆಯನ್ನು ಆ್ಯಂಡ್ರೂ ಐಡಿನ್ ಮತ್ತು ಚಿತ್ರಕಾರ ನೇಟ್ ಪೊವೆಲ್ ಜೊತೆಗೂಡಿ ಹೇಳಿರುವ ‘ಮಾರ್ಚ್’ ಕೃತಿ 2013ರಿಂದ 2016ರವರೆಗೆ ಮೂರು ಸಂಪುಟಗಳಲ್ಲಿ ಬಂದಿತು; ಮೂರನೆಯದಕ್ಕೆ 2016ರ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. ಮೊದಲ ಸಂಪುಟ ತೆರೆಯುವುದು 1965ರ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾದ ಸೇತುವೆಯ ಮೇಲೆ, ಪೊಲೀಸರ ಲಾಠಿಯೆದುರು. ಅಲ್ಲಿಂದ ಅದು ಒಬಾಮಾ ಅಧಿಕಾರ ಸ್ವೀಕರಿಸಿದ 2009ರ ಜನವರಿ 20ರ ಬೆಳಗಿಗೆ ಜಿಗಿದು, ಲೂಯಿಸ್ ಅವರ ಕಚೇರಿಗೆ ಬಂದ ಇಬ್ಬರು ಹುಡುಗರಿಗೆ ಅವರು ಕಥೆ ಹೇಳುವಂತೆ ಹೆಣೆಯುತ್ತದೆ. ಆ ಕಥೆಯ ಆರಂಭದಲ್ಲಿ ಹೊಲಮನೆಯ ಕೋಳಿಗಳಿಗೆ ಧರ್ಮೋಪದೇಶ ಮಾಡುವ ಸಣ್ಣ ಹುಡುಗನಿದ್ದಾನೆ. ಹೊಡೆತ ತಿಂದ ದೇಹ, ಕಥೆ ಹೇಳುವ ಹಿರಿಯ, ಕೋಳಿಗಳ ಮುಂದೆ ನಿಂತ ಮಗು: ಮೂವರೂ ಒಬ್ಬನೇ ಎಂದು ಓದುಗರು ಜೋಡಿಸುತ್ತಾ ಹೋಗುವುದರಲ್ಲಿಯೇ ಆ ನಾಯಕ ರೂಪುಗೊಳ್ಳುತ್ತಾನೆ.

ಭೀಮಾಯಣದ ಆಯ್ಕೆ ಇನ್ನೂ ಧೈರ್ಯದ್ದು. ಮೀಸಲಾತಿಯ ಬಗ್ಗೆ ಬಸ್ ನಿಲ್ದಾಣದಲ್ಲಿ ನಡೆಯುವ ಇಂದಿನ ವಾಗ್ವಾದದಿಂದ ಅದು ಕಥೆಗೆ ಇಳಿಯುತ್ತದೆ. ನೀರು, ಆಸರೆ, ಪ್ರಯಾಣ ಎಂಬ ಮೂರು ಭಾಗಗಳು. ಆಧಾರವಾಗಿರುವುದು ಅಂಬೇಡ್ಕರ್ ತಮ್ಮ ಅನುಭವಗಳನ್ನು ತಾವೇ ದಾಖಲಿಸಿದ ಟಿಪ್ಪಣಿಗಳು. ಸಂವಿಧಾನದ ಶಿಲ್ಪಿಯ ಬಗೆಗಿನ ಪುಸ್ತಕವೊಂದು ಸಂವಿಧಾನ ಸಭೆಯನ್ನು ನಡುವೆ ಇಡದೆ ಕುಡಿಯುವ ನೀರನ್ನು ನಡುವೆ ಇಟ್ಟಿದೆ. 1901ರಲ್ಲಿ ಸತಾರಾದಿಂದ ತಂದೆಯನ್ನು ಕಾಣಲು ಹೊರಟ ಹುಡುಗ ಭೀಮ ಮತ್ತು ಜೊತೆಯ ಮಕ್ಕಳು ಮಸೂರು ರೈಲು ನಿಲ್ದಾಣದಲ್ಲಿಳಿದು, ತಂದೆ ಕಳಿಸಬೇಕಾಗಿದ್ದ ಆಳು ಬಾರದೆ ಕಂಗಾಲಾಗಿ, ಎರಡು ಪಟ್ಟು ಬಾಡಿಗೆ ಕೊಟ್ಟು, ಬಂಡಿಯವನು ಅಸ್ಪೃಶ್ಯರೊಡನೆ ಕೂರಲೊಪ್ಪದ್ದರಿಂದ ಬಂಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಗುತ್ತದೆ. ಬುತ್ತಿಯಿದ್ದರೂ ನೀರು ಕೊಡುವವರಿಲ್ಲ. ಬಾಯಾರಿದ ಹುಡುಗ ಭೀಮನ ಮೈಯನ್ನು ಚಿತ್ರಕಾರರು ಮೀನಾಗಿ ಬರೆದಿದ್ದಾರೆ, ರೈಲು ಹಾವಾಗಿದೆ. ಮುಂದೆ ನೀರಿನ ಹಕ್ಕಿಗಾಗಿ ಅದೇ ಭೀಮ ಜನರನ್ನುದ್ದೇಶಿಸಿ ಮಾತಾಡುವಾಗ ಧ್ವನಿವರ್ಧಕಗಳಿಂದ ಹನಿಗಳು ಚಿಮ್ಮುತ್ತವೆ. 1927ರ ಮಹಾಡ್ ಸತ್ಯಾಗ್ರಹದ ಬಗ್ಗೆ ಪಠ್ಯಪುಸ್ತಕದಲ್ಲಿ ಓದಿದವರಿಗೂ ಈ ಎರಡು ಚಿತ್ರಗಳ ನಡುವಿನ ಸಂಬಂಧ ಹೊಸತೇ: ನೀರಿಗಾಗಿ ಒದ್ದಾಡಿದ ಮೈಯೇ ಈಗ ಊರಿಗೆಲ್ಲ ನೀರು ಹಂಚುತ್ತಿದೆ. ಕೆಳಕೋನವೂ ಇಲ್ಲದೆ, ಉಬ್ಬಿದ ಸ್ನಾಯುಗಳೂ ಇಲ್ಲದೆ ನಾಯಕನನ್ನು ಬೆಳೆಸಿದ ದಾರಿ ಇದು.

ಬಿಟ್ಟದ್ದನ್ನು ಪಟ್ಟಿ ಮಾಡುವುದು ಈ ಹೆಜ್ಜೆಯ ಎರಡನೆಯ ಭಾಗ. ನಿಜವ್ಯಕ್ತಿಯ ಕಥೆಯಾದರೆ ಅವರ ಬದುಕಿನ ಮುಖ್ಯ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದು, ಪುಸ್ತಕದಲ್ಲಿ ಇಲ್ಲದ ಅವಧಿಗಳ ಮೇಲೆ ಗೆರೆ ಎಳೆಯಿರಿ. ಖಾಲಿಯುಳಿದ ಜಾಗಗಳನ್ನು ತಪ್ಪೆಂದು ಕೂಡಲೇ ಎಣಿಸಬಾರದು. ಆ ಆಯ್ಕೆಯಿಂದ ನಾಯಕನ ಯಾವ ಮುಖ ಮುಂದೆ ಬಂತು, ಯಾವುದು ಹಿಂದೆ ಸರಿಯಿತು ಎಂದು ಕೇಳಬೇಕು.

ಹೆಜ್ಜೆ 9: ನಾಯಕನಲ್ಲದವರನ್ನು ನೋಡಿ

ಜನರ ಗುಂಪನ್ನು ಬರೆದ ಪುಟಗಳಿಗೆ ಹೋಗಿ. ಗುಂಪಿನಲ್ಲಿ ಒಬ್ಬೊಬ್ಬರಿಗೂ ಮುಖವಿದೆಯೇ, ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಬರಿಯ ಸುತ್ತುಗಳಾಗಿ ಉಳಿದಿದೆಯೇ? ಮುಖವಿಲ್ಲದ ಗುಂಪಿನ ಮುಂದೆ ನಿಂತವರು ಉದ್ಧಾರಕರಂತೆ ಕಾಣುತ್ತಾರೆ, ಮುಖವಿರುವ ಗುಂಪಿನ ನಡುವೆ ನಿಂತವರು ಒಡನಾಡಿಗಳಂತೆ. ಹೆಂಗಸರಿಗೆ ಎಷ್ಟು ಮಾತು ಸಿಕ್ಕಿದೆ ಎಂಬುದನ್ನು ಇದೇ ಹಂತದಲ್ಲಿ ಲೆಕ್ಕ ಹಾಕಿ. ಈ ಒಂದು ಲೆಕ್ಕ ಎಷ್ಟೋ ಮೆಚ್ಚಿನ ಪುಸ್ತಕಗಳನ್ನು ಮುಜುಗರಕ್ಕೆ ಸಿಲುಕಿಸುತ್ತದೆ.

ಮೌಸ್ ಈ ವಿಷಯದಲ್ಲಿ ತನ್ನನ್ನೇ ವಿಚಾರಣೆಗೆ ಒಡ್ಡಿಕೊಂಡ ಕೃತಿ. ಔಶ್ವಿಟ್ಸ್‌ನಿಂದ ಬದುಕಿ ಬಂದ ವ್ಲಾಡೆಕ್ ವ್ಯಾಯಾಮದ ಸೈಕಲ್ ತುಳಿಯುತ್ತಾ ತನ್ನ ಯೌವನದ ಕಥೆ ಶುರುಮಾಡುತ್ತಾನೆ. ಹ್ಯಾಂಡಲ್ ಹಿಡಿದ ತೋಳಿನ ಮೇಲೆ ಶಿಬಿರದ ಸಂಖ್ಯೆ ಕಾಣುತ್ತದೆ. ನೆನಪಿನೊಳಗಿನ ವ್ಲಾಡೆಕ್ ಚುರುಕು ಬುದ್ಧಿಯವನು, ಸಮಯಸ್ಫೂರ್ತಿಯವನು. ಎದುರಿಗೆ ಕುಳಿತಿರುವ ವ್ಲಾಡೆಕ್ ಕಾಸಿಗೆ ಕಾಸು ಗಂಟು ಹಾಕುವ, ಎರಡನೆಯ ಹೆಂಡತಿಯನ್ನು ಗೋಳುಹೊಯ್ದುಕೊಳ್ಳುವ ಮುದುಕ. ಮೊದಲ ಸಂಪುಟದ ಕೊನೆಯಲ್ಲಿ, ತೀರಿಹೋದ ಮೊದಲ ಹೆಂಡತಿ, ಮಗ ಆರ್ಟ್‌ನ ತಾಯಿ ಆನ್ಯಾಳ ದಿನಚರಿಗಳನ್ನು ತಾನೇ ಸುಟ್ಟುಹಾಕಿದೆನೆಂದು ಅವನು ಒಪ್ಪಿಕೊಂಡಾಗ ಮಗ ಅವನನ್ನು ಕೊಲೆಗಾರನೆಂದು ಕರೆಯುತ್ತಾನೆ. ಇಡೀ ಪುಸ್ತಕದಲ್ಲಿ ಆನ್ಯಾಳ ಸ್ವಂತ ದನಿ ಇಲ್ಲದಿರುವುದಕ್ಕೆ ಕಾರಣ ಕಥೆಯೊಳಗೇ ಸಿಗುತ್ತದೆ: ನಾಯಕನ ಕಥನ ಉಳಿದಿದೆ, ಅವಳದು ಬೂದಿಯಾಗಿದೆ. ಈ ಕೃತಿಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಬಂದದ್ದರ ಹಿಂದೆ ಇಂತಹ ನಿಷ್ಠುರತೆಯ ಪಾಲು ದೊಡ್ಡದಿರಬೇಕೆಂದು ನನಗನಿಸುತ್ತದೆ.

ಹೆಜ್ಜೆ 10: ಟಿಪ್ಪಣಿಗಳಿಂದ ವಿಶ್ಲೇಷಣೆಗೆ

ಇಷ್ಟೆಲ್ಲ ಗುರುತು ಹಾಕಿದ ಮೇಲೆ ಅವನ್ನು ಹೆಜ್ಜೆಗಳ ಕ್ರಮದಲ್ಲಿಯೇ ಬರೆದಿಟ್ಟರೆ ವರದಿಯಾಗುತ್ತದೆ, ವಿಮರ್ಶೆಯಾಗುವುದಿಲ್ಲ. ಒಂದೇ ಒಂದು ಪುಟವನ್ನು ಆರಿಸಿ. ಆ ಪುಟದಲ್ಲಿ ಮುಖ, ಚೌಕಟ್ಟು, ದನಿ ಮೂರರಲ್ಲಿ ಕನಿಷ್ಠ ಎರಡು ಪರಸ್ಪರ ಎಳೆದಾಡುತ್ತಿರಬೇಕು; ಎಲ್ಲವೂ ಒಂದೇ ಮಾತನ್ನು ಹೇಳುವ ಪುಟದ ಬಗ್ಗೆ ಬರೆಯಲು ಹೆಚ್ಚೇನೂ ಇರುವುದಿಲ್ಲ. ಆ ಪುಟವನ್ನು ನಿಮ್ಮ ಕೈಯಿಂದಲೇ ಕಡ್ಡಿಯಾಕೃತಿಗಳಲ್ಲಿ ನಕಲು ಮಾಡಿ. ಚಿತ್ರ ಬರೆಯಲು ಬಾರದೆಂದು ಹಿಂಜರಿಯಬೇಡಿ, ಅಂದಚೆಂದವಿಲ್ಲದ ನಕಲಿನಲ್ಲಿ ಜಾಗದ ಹಂಚಿಕೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬಳಿಕ ಅದೇ ಘಟನೆಯನ್ನು ನಾಯಕನಲ್ಲದ ಒಬ್ಬರ ಕಡೆಯಿಂದ ಮತ್ತೆ ಬರೆದು ನೋಡಿ: ಮಸೂರಿನ ಪ್ರಸಂಗವಾದರೆ ಬಂಡಿಯ ಪಕ್ಕದಲ್ಲಿ ನಡೆದುಹೋಗುವ ಬಂಡಿಯವನ ಕಡೆಯಿಂದ. ಎರಡು ನಕಲುಗಳ ನಡುವೆ ಏನೇನು ಬದಲಾಯಿಸಬೇಕಾಯಿತೋ ಅದೆಲ್ಲವೂ ಮೂಲದ ಚಿತ್ರಕಾರರು ನಾಯಕನಿಗಾಗಿ ಮಾಡಿದ ಕೆಲಸ, ಪ್ರಬಂಧದ ಮೊದಲ ವಾಕ್ಯವನ್ನು ಆ ಪಟ್ಟಿಯಿಂದಲೇ ಆರಿಸಿಕೊಳ್ಳಿ. ಪುಟದ ಛಾಯಾಚಿತ್ರವನ್ನು ಪ್ರಬಂಧದಲ್ಲಿ ಬಳಸುವುದಾದರೆ ಚಿತ್ರಕಾರರ, ಬರಹಗಾರರ ಮತ್ತು ಪ್ರಕಾಶಕರ ಹೆಸರುಗಳನ್ನು ಚಿತ್ರದ ಕೆಳಗೇ ಕೊಡಬೇಕು. ಬಣ್ಣ ಹಾಕಿದವರನ್ನೂ ಅಕ್ಷರ ಬರೆದವರನ್ನೂ ಮರೆಯಬಾರದು.